ಕುರಿಯ ಕಾವು

ಸರದಿ ಹತ್ತಿರವಾದಂತೆ ಪವಿತ್ರಳಿಗೆ ತನ್ನ ಹಣೆ ತನ್ನದಲ್ಲವೆನಿಸತೊಡಗಿತು. ಮುಂದೆ ನಿಂತವರು ಒಬ್ಬೊಬ್ಬರಾಗಿ ಮುಖವೆತ್ತಿ, ಕಾವಲುಗಾರ ಜುಂಜಣ್ಣ ಹಿಡಿದ ಬಿಳಿ ಪಿಸ್ತೂಲಿನಂಥ ಯಂತ್ರಕ್ಕೆ ಹಣೆಯೊಡ್ಡಿ, ಅದು ಕುಂಯ್ ಎಂದ ಮೇಲೆ ಜೀನ್ಸ್ ಪ್ಯಾಂಟು ಹೊಲಿಯುವ ಆ ತಗಡಿನ ಛಾವಣಿಯ ಕೆಳಗೆ ಮರೆಯಾಗುತ್ತಿದ್ದರು. ರಾಯದುರ್ಗದ ಬೆಟ್ಟದ ಮೇಲಿನ ಬಿಸಿಲು ಆಗಲೇ ಕೋಟೆಯ ಗೋಡೆ ದಾಟಿ ಕೆಳಗಿಳಿದಿತ್ತು. ಯಂತ್ರ ಸರಿಯಿಲ್ಲವೆಂದು ಎಲ್ಲರಿಗೂ ಗೊತ್ತು. ಒಂದು ದಿನ ಜುಂಜಣ್ಣ ತಮಾಷೆಗೆ ಗೇಟಿನ ಕಂಬಕ್ಕೆ ಹಿಡಿದಾಗ ಕಂಬಕ್ಕೂ ತೊಂಬತ್ತಾರು ಬಂದು, "ಇದಕ್ಕೂ ಒಂದು ಮಷಿನ್ ಕೊಡ್ರಿ, ಕುಂತು ಹೊಲೀಲಿ" ಎಂದು ಯಾರೋ ನಗಿಸಿದ್ದರು. ಆದರೂ ಹುಡುಗಿಯರು ವೇಲಿನ ಕೆಳಗೆ ಒದ್ದೆ ಕರವಸ್ತ್ರವನ್ನು ಹಣೆಗೊತ್ತಿಕೊಂಡೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಕೊರೋನಾದಿಂದ ಎರಡನೆಯ ಸಲ ಮುಚ್ಚಿದ ಯೂನಿಟ್ಟು ಮತ್ತೆ ತೆರೆದಾಗ ಹೇಳಿದ ಮಾತು ಒಂದೇ: ಒಬ್ಬಳಿಗೆ ಜ್ವರ ಬಂದರೆ ಅವಳ ಕೋಣೆಯವರಷ್ಟೇ ಅಲ್ಲ, ಅವಳಿರುವ ವಠಾರದವರೆಲ್ಲ ಹೊರಗೆ. ಎಷ್ಟು ದಿನ ಎಂದು ಯಾರೂ ಕೇಳಿರಲಿಲ್ಲ.

ಜುಂಜಣ್ಣ ಯಂತ್ರವನ್ನು ಅವಳ ಹುಬ್ಬುಗಳ ನಡುವೆ ಹಿಡಿದು, ಹಾಗೆಯೇ ಅವಳ ಹಿಂದೆ ನೋಡಿದ. "ಎಲ್ಲೆವ್ವ ನಿನ್ನ ಜೋಡಿ?"

"ವಾಣಿಶ್ರೀಗೆ ಹೊಟ್ಟೆ ನೋವು."

"ಹೊಟ್ಟಿ ನೋವ? ಹೊಟ್ಟಿಗೆ ಹಿಡಿಯೋ ಮಷಿನ್ ನಮಗ ಕೊಟ್ಟಿಲ್ಲ. ಹೋಗು, ಹೋಗು."

ತೊಂಬತ್ತೈದು. ಆ ಅಂಕಿ ತನ್ನದೋ ಕಂಬದ್ದೋ ಎಂದುಕೊಳ್ಳುತ್ತ ಅವಳು ಒಳಗೆ ಬಂದು, ಸೊಂಟಪಟ್ಟಿಗೆ ಬೆಲ್ಟಿನ ಕೊಂಡಿ ಕೂರಿಸುವ ತನ್ನ ಮಷಿನ್ನಿನ ಮುಂದೆ ಕೂತಳು. ಎದುರಿನ ಸಾಲಿನಲ್ಲಿ, ಜೇಬು ಹಚ್ಚುವ ತನ್ನ ಕೋಣೆಯ ಗೆಳತಿ ವಾಣಿಶ್ರೀಯ ಮಷಿನ್ನು ಬಟ್ಟೆ ಹೊದ್ದುಕೊಂಡೇ ಇತ್ತು. ಸುಳ್ಳು ಹೇಳಿದ್ದು ಅವಳನ್ನು ಅಷ್ಟು ಕಾಡಲಿಲ್ಲ. ಅದು ಎಷ್ಟು ಸಲೀಸಾಗಿ ಬಂತೆಂಬುದು, ಬೆಳಿಗ್ಗೆ ಎದ್ದಾಗಲೇ ಬಾಯಲ್ಲಿ ಸಿದ್ಧವಾಗಿ ಕೂತಿತ್ತೆಂಬುದು ಕಾಡಿತು. ವಾಣಿಶ್ರೀಗೆ ಜ್ವರವಿಲ್ಲವೆಂದು ತಾನೇ ನಿರ್ಧರಿಸಿದ್ದಳಲ್ಲ. ಇಲ್ಲದ ಜ್ವರ ಮುಚ್ಚಿಡಲು ಹೊಟ್ಟೆ ನೋವು ಯಾಕೆ ಬೇಕಾಯಿತು? ಕೊಂಡಿಯೊಂದು ಓರೆಯಾಗಿ ಕೂತಿತು. ಬಿಚ್ಚಿ ಮತ್ತೆ ಇಟ್ಟಳು. ಬೆರಳುಗಳಿಗೆ ಬಟ್ಟೆಯ ನೀಲಿ ಹತ್ತಿ, ಉಗುರಿನ ಸಂದು ತಣ್ಣಗಾದವರ ಉಗುರಿನಂತೆ ಕಾಣುತ್ತಿತ್ತು. ಈ ಕೈಗೇ, ತಾವೆಲ್ಲ ಬಾಡಿಗೆಗಿದ್ದ ದುರುಗಕ್ಕನ ವಠಾರದ ಹುಡುಗಿಯರು ಬೆಳಿಗ್ಗೆ ಬೆಳಿಗ್ಗೆ ನಲ್ಲಿಯ ಮುಂದೆ ಬಂದು, ಜ್ವರವಿದೆಯೇ ನೋಡೆಂದು ಕಿವಿಯೊಡ್ಡುತ್ತಿದ್ದರು. ಮೊದಲು ಬಂದದ್ದು ಹಿಂದಿನ ಕೋಣೆಯವಳು, ಅಳುಮುಖ ಮಾಡಿಕೊಂಡು. ಪವಿತ್ರ ಅವಳ ಕಿವಿಯ ಬುಡವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಊರಲ್ಲಿ ದೊಡ್ಡಿಯ ಕುರಿಗಳನ್ನು ನೋಡುತ್ತಿದ್ದ ಹಾಗೆಯೇ ನೋಡಿ, "ಏನಿಲ್ಲ, ಚೆನ್ನಾಗಿದ್ದೀಯ" ಎಂದಿದ್ದಳು. ಆ ಹುಡುಗಿಯ ಮುಖ ಅರಳಿದ ರೀತಿ! ಆಮೇಲೆ ಒಬ್ಬರಿಂದೊಬ್ಬರಿಗೆ ಸುದ್ದಿ ಹೋಯಿತು. ಮಡಕಶಿರದ ಕಡೆಯ ಕುರಿಯವರ ಹುಡುಗಿ, ಮುಟ್ಟಿ ಹೇಳುತ್ತಾಳೆ, ಅವಳು ಇಲ್ಲವೆಂದರೆ ಇಲ್ಲ. ಯೂನಿಟ್ಟಿನಲ್ಲಿ ಯಾರೂ ಹೆಸರು ಹಿಡಿದು ಕರೆಯದ ಅವಳು ನಲ್ಲಿಯ ಮುಂದಿನ ಆ ಹೊತ್ತಿನಲ್ಲಿ ಮಾತ್ರ ಯಾರೋ ಆಗಿರುತ್ತಿದ್ದಳು. ಇದೆ ಎಂದು ಅವಳು ಯಾರಿಗೂ, ಒಮ್ಮೆಯೂ ಹೇಳಿರಲಿಲ್ಲ.

ಹೇಳಲು ಕಾರಣವೇ ಸಿಕ್ಕಿರಲಿಲ್ಲ. ಎಲ್ಲರೂ ಅವಳ ಬೆರಳಿಗೆ ತಣ್ಣಗೇ ಸಿಗುತ್ತಿದ್ದರು. ಮನುಷ್ಯರು ತಣ್ಣಗಿರುವುದು ಅವಳಿಗೆ ಹೊಸದಲ್ಲ; ಗುಡಿಬಂಡೆಯ ಆಚೆಯ ಊರಿನ ಮನೆಯ ಜಗುಲಿಯಲ್ಲಿ ರಂಗಕ್ಕಜ್ಜಿ ಅದರ ಕಥೆಯನ್ನು ಎಷ್ಟು ಸಲ ಹೇಳಿರಲಿಲ್ಲ. "ನಮ್ಮ ದೇವ್ರು ಹೇಮಾವತಿ ಸಿದ್ದಪ್ಪ ಕೆಂಡದ ಮಡಕೆ ಮುಂದಿಟ್ಕಂಡು ಎಲ್ಲಾ ಜೀವಕ್ಕೂ ಕಾವು ಹಂಚ್ತಾ ಕುಂತಿದ್ನಂತೆ. ಕೋಳಿ ಎಲ್ರಿಗಿಂತ ಮುಂಚೆ ಓಡ್ಬಂದು ಎರಡು ಪಾಲು ಇಸ್ಕಂತು, ಅದಕ್ಕೇ ಅದು ಒಂದು ಕಡೆ ಕೂರಲ್ಲ. ಕುರಿ ಬಗ್ಗಿಸಿದ ತಲೆ ಎತ್ತದಂಗೆ ಬಂತು, ಅದಕ್ಕೂ ತುಂಬ ಸಿಕ್ತು. ಮನುಷ್ಯ ತಲೆ ಬಾಚ್ಕಂಡು, ಮುಖ ತೊಳ್ಕಂಡು ಬರೋ ಹೊತ್ಗೆ ಮಡಕೆ ತಳ ಕಾಣ್ತಿತ್ತು. ಕೆರೆದು ಕೆರೆದು ಕೊಟ್ಟಿದ್ದು ಇಷ್ಟು. ಹಾವಿಗೆ ಪಾಪ ಕೈಯೇ ಇಲ್ಲ, ಯಾತ್ರಾಗೆ ಇಸ್ಕಂತೈತೆ? ಇವತ್ಗೂ ಬಂಡೆ ಬಂಡೆ ತಿರುಗಿ ಬೇಡ್ಕಂತೈತೆ." ಮನುಷ್ಯರು ಕುರಿಯ ಹತ್ತಿರ ಒಂದಿಷ್ಟು ಕೇಳಬಾರದಾಗಿತ್ತಾ ಎಂದರೆ ಅಜ್ಜಿ, "ಮತ್ತೆ ನೀನು ಹೊದ್ಕಂಡಿರೋ ಕಂಬಳಿ ಏನೇ?" ಎನ್ನುತ್ತಿದ್ದಳು. ಹಾಗಾಗಿ ಪವಿತ್ರಳ ಲೋಕದಲ್ಲಿ ಬೆಚ್ಚಗಿರುವುದೆಂದರೆ ಆರೋಗ್ಯ. ಬೆಳಗಿನ ಜಾವದ ದೊಡ್ಡಿಯಲ್ಲಿ ಕುರಿಗಳ ನಡುವೆ ಕಾಲು ತೂರಿಸಿ ಕೂತರೆ ಮೈಗೆ ಹತ್ತುತ್ತಿದ್ದದ್ದು, ಉಣ್ಣೆಯ ಎಣ್ಣೆ ವಾಸನೆಯೊಂದಿಗೆ ನಿಧಾನವಾಗಿ ಮೊಣಕಾಲಿನಿಂದ ಮೇಲೇರುತ್ತಿದ್ದದ್ದು. ಅದು ತಪ್ಪಿದರೆ, ಕುರಿಯ ಕಿವಿ ತಣ್ಣಗಾದರೆ ಅಜ್ಜಿ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದಳು.

ಅದಕ್ಕೇ ಕಳೆದ ನಾಲ್ಕು ರಾತ್ರಿ ಅವಳು ಅಷ್ಟು ಚೆನ್ನಾಗಿ ನಿದ್ದೆ ಮಾಡಿದ್ದಳು. ರಾಯದುರ್ಗಕ್ಕೆ ಬಂದಂದಿನಿಂದ ಬಾರದ ನಿದ್ದೆ. ಒಂದೇ ಚಾಪೆಯ ಮೇಲೆ ಪಕ್ಕದಲ್ಲಿ ವಾಣಿಶ್ರೀ ಮುದುಡಿ ಮಲಗಿರುತ್ತಿದ್ದಳು. ಅವಳ ಬೆನ್ನಿಂದ ಬರುತ್ತಿದ್ದ ಕಾವು ಪವಿತ್ರಳ ಹೊಟ್ಟೆಗೆ, ಎದೆಗೆ ಹತ್ತುತ್ತ ಹತ್ತುತ್ತ ಅವಳನ್ನು ದೊಡ್ಡಿಯ ಹಲಗೆ ಬಾಗಿಲ ಒಳಗೆ ಕರೆದುಕೊಂಡು ಹೋಗುತ್ತಿತ್ತು. ವಾಣಿಶ್ರೀ ನರಳಿದ್ದಳೇ? ನರಳಿದ್ದಿರಬೇಕು. ಕನಸಿನಲ್ಲಿ ಒಂದು ಕುರಿ ಗೊಗ್ಗರು ದನಿಯಲ್ಲಿ ಏನೋ ಅನ್ನುತ್ತಲೇ ಇತ್ತು. ಇವಳು ಅದರ ಕೊರಳನ್ನು ಇನ್ನೂ ಬಿಗಿಯಾಗಿ ತಬ್ಬಿದ್ದಳು. ಬೆಳಿಗ್ಗೆ ವಾಣಿಶ್ರೀ ದಿನವೂ ಕೇಳಿದಂತೆ ಇವತ್ತೂ, ಒಣಗಿದ ತುಟಿ ನೆಕ್ಕಿಕೊಂಡು, "ನೋಡು" ಎಂದು ಕಿವಿ ತಿರುಗಿಸಿದಾಗ ಪವಿತ್ರಳ ಬೆರಳಿಗೆ ಸಿಕ್ಕಿದ್ದು ಪರಿಚಯದ ಬಿಸಿ. ಪ್ರೀತಿಯೇ ಉಕ್ಕಿ ಬಂದು, "ಏನಿಲ್ಲ ಕಣೆ, ಬೆಚ್ಚಗಿದ್ದೀಯ ಅಷ್ಟೇ" ಎಂದಳು. ವಾಣಿಶ್ರೀ ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದು ಕೂತಳು. "ಕಾಲು ಬರವಲ್ವು. ಸ್ವಲ್ಪ ಹೊತ್ತು ಬಿಟ್ಟು ಬರ್ತೀನಿ, ನೀ ನಡಿ. ಹೊಟ್ಟಿ ನೋವು ಅನ್ನು" ಎಂದಳು. ಓಹೋ, ಹೊಟ್ಟೆ ನೋವು ವಾಣಿಶ್ರೀಯ ಮಾತು. ತಾನು ಕಟ್ಟಿದ್ದಲ್ಲ. ಪವಿತ್ರಳಿಗೆ ಒಂದು ಕ್ಷಣ ಹಗುರವೆನಿಸಿ, ಹಗುರವೆನಿಸಿದ್ದಕ್ಕೆ ನಾಚಿಕೆಯಾಗಿ, ಮಷಿನ್ನಿನ ಪೆಡಲನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತಿದಳು.

ಕರೆಂಟು ಹೋಯಿತು. ಫ್ಯಾನುಗಳು ನಿಂತು ತಗಡಿನ ಛಾವಣಿಯ ಶಾಖ ನೆತ್ತಿಯ ಮೇಲೆ ಕೂತಿತು. ಮಷಿನ್ನುಗಳ ಸದ್ದಿನಲ್ಲಿ ಮುಚ್ಚಿಹೋಗಿದ್ದ ಮಾತುಗಳೆಲ್ಲ ಒಮ್ಮೆಲೇ ಹೊರಬಿದ್ದವು. ದಾರ ಕತ್ತರಿಸುವ ನಾಗಕ್ಕ, ಈ ಊರಿನವಳೇ, ಕತ್ತರಿಯನ್ನು ಕುತ್ತಿಗೆಯ ದಾರಕ್ಕೆ ನೇತುಬಿಟ್ಟುಕೊಂಡು ಬಂದು ಪವಿತ್ರಳ ಪಕ್ಕದ ಬಂಡಲಿನ ಮೇಲೆ ಕೂತಳು.

"ಏನಾಗೈತಿ ಅಕಿಗೆ? ಖರೇ ಹೇಳು."

"ಹೊಟ್ಟೆ ನೋವು ನಾಗಕ್ಕ."

"ನಿನ್ನೆ ಬಂಡಲ್ ತೊಗೊಳ್ಳುವಾಗ ಅಕಿ ಮುಂಗೈ ನನಗ ತಾಕಿತ್ತು. ಒಲಿ ಮ್ಯಾಲಿನ ಹಂಚು ಮುಟ್ಟಿದಂಗಾತು. ಒಂದೇ ಚಾಪಿ ಮ್ಯಾಲೆ ಮಲಗಾಕಿ ನೀನು. ನಿನಗ ಗೊತ್ತಾಗ್ಲಿಲ್ಲೇನು?"

ಹಿಂದಿನಿಂದ ಯಾರೋ ಅಂದರು: "ಅಕಿ ಕೈ ಕುರಿ ಕೈ ರೀ ನಾಗಕ್ಕ. ಕುದಿಯೋ ಸಾರಿನಾಗ ಬೆರಳಿಟ್ರೂ ತಣ್ಣಗೈತಿ ಅಂತಾಳ."

ಎಲ್ಲರೂ ನಕ್ಕರು. ಮಾಸ್ಕಿನ ಹಿಂದೆ ಪವಿತ್ರಳೂ ನಕ್ಕಳು. ಹೊರಗೆ ಕಾಣಲಿ ಎಂದು ಕಣ್ಣುಗಳನ್ನೂ ನಗಿಸಿದಳು. ನಾಗಕ್ಕ ಮಾತ್ರ ನಗದೆ ಅವಳನ್ನೇ ನೋಡುತ್ತಿದ್ದಳು. ಆ ನೋಟದಿಂದ ತಪ್ಪಿಸಿಕೊಳ್ಳಲು ಬಗ್ಗಿದಾಗ, ಗುಡಿಬಂಡೆಯ ದನಗಳ ಆಸ್ಪತ್ರೆಯ ಸಿಮೆಂಟು ಕಟ್ಟೆ ಕಣ್ಣ ಮುಂದೆ ಬಂತು. ಅಪ್ಪ ಯರ್ರಪ್ಪ ಕುರಿಯ ಕತ್ತನ್ನು ತೊಡೆಯ ಸಂದಿಯಲ್ಲಿ ಅದುಮಿ ನಿಂತಿದ್ದಾನೆ. ಡಾಕ್ಟರು ಬಾಲ ಎತ್ತಿ ಗಾಜಿನ ಕಡ್ಡಿ ಇಟ್ಟು, ತೆಗೆದು, ಬೆಳಕಿಗೆ ಹಿಡಿದು, "ನೂರಾ ಎರಡೂವರೆ. ಸರಿಗೈತೆ, ಜ್ವರ ಇಲ್ಲ ಇದಕ್ಕೆ" ಎನ್ನುತ್ತಿದ್ದಾರೆ. ಅದೇ ವರ್ಷವೋ ಮುಂದಿನ ವರ್ಷವೋ ಸ್ಕೂಲಿನಲ್ಲಿ ಅಂಥದೇ ಕಡ್ಡಿಯನ್ನು ಪವಿತ್ರಳ ನಾಲಿಗೆಯ ಕೆಳಗಿಟ್ಟು ನೋಡಿದ ಮೇಡಂ ಅದೇ ಅಂಕಿ ಹೇಳಿ, ಗಾಬರಿಯಾಗಿ, ಮನೆಗೆ ಕಳಿಸಿದ್ದರು. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿದ್ದಳು. "ಕುರಿಯಾಗಿ ಹುಟ್ಟಿದ್ರೆ ಗಟ್ಟಿಮುಟ್ಟಾಗಿರ್ತಿದ್ದೆ ಕಣೆ ನೀನು." ನಗುತ್ತಲೇ ತನ್ನ ಸುಕ್ಕುಗಟ್ಟಿದ ಕೆನ್ನೆಯನ್ನು ಮೊಮ್ಮಗಳ ಹಣೆಗೆ ಒತ್ತಿ ಹಿಡಿದಿದ್ದಳು, ಬಹಳ ಹೊತ್ತು. "ಕುರಿ ಮುಟ್ಟೋ ಕೈನಾಗೆ ಮಕ್ಕಳನ್ನ ನೋಡಬಾರ್ದು. ಆ ಕೈ ದೊಡ್ಡೀಲೇ ಪಳಗಿರ್ತೈತೆ, ಅದಕ್ಕೆ ನಮ್ಮ ಜ್ವರ ಜ್ವರ ಅನ್ಸಲ್ಲ. ಕೆನ್ನೆ ಇಟ್ಟು ನೋಡ್ಬೇಕು."

ಕೆನ್ನೆ ಇಟ್ಟು ನೋಡಬೇಕು. ಗೊತ್ತಿತ್ತು. ಮರೆತಿದ್ದೆನೇ? ಕಥೆಯ ಕೋಳಿ ನೆನಪಿತ್ತು, ಹಾವು ನೆನಪಿತ್ತು, ತಲೆ ಬಾಚಿಕೊಂಡು ತಡವಾಗಿ ಬಂದ ಮನುಷ್ಯ ನೆನಪಿದ್ದ. ಇದೊಂದು ಮಾತು ಮಾತ್ರ ಎಲ್ಲಿ ಹೋಗಿತ್ತು? ನಲ್ಲಿಯ ಮುಂದೆ ಕಿವಿಯೊಡ್ಡಿದ ಒಬ್ಬೊಬ್ಬಳ ಮುಖವೂ ಅವಳೆದುರು ಬಂತು. ಅವರಲ್ಲಿ ಯಾರಿಗೆ ಕೆನ್ನೆಯಿಟ್ಟಿದ್ದರೂ ಅದು ಇದೆ ಎಂದುಬಿಡಬಹುದಿತ್ತು. ಇದೆ ಎಂದಿದ್ದರೆ ಮರುದಿನ ಯಾರೂ ಅವಳ ಬಳಿ ಬರುತ್ತಿರಲಿಲ್ಲ. ಮತ್ತೆ ವಾಣಿಶ್ರೀಗೆ ಇದೆ ಎಂದಿದ್ದರೆ ಮೊದಲು ಹೊರಬೀಳುತ್ತಿದ್ದದ್ದು ತಾನೇ. ಕೈಗೆ ತಿಳಿಯಲಿಲ್ಲ ಎನ್ನುವುದು ಸುಳ್ಳಲ್ಲ. ಆದರೆ ಕೈಯನ್ನೇ ಯಾಕೆ ಕೇಳಿದೆ? ಅವಳು ಹೊರಟಾಗ ವಾಣಿಶ್ರೀಯ ಪಕ್ಕದ ತಂಬಿಗೆ ಖಾಲಿಯಿತ್ತು. ತುಂಬಿಡಬೇಕೆಂದುಕೊಂಡು, ಸಾಲು ತಪ್ಪುತ್ತದೆಂದು ಹಾಗೇ ಬಂದಿದ್ದಳು. ಆ ಹುಡುಗಿ ಸತ್ತುಹೋದರೆ. ಯೋಚನೆ ಇಷ್ಟು ಬೋಳಾಗಿ ಬಂದದ್ದೇ ಅವಳು ಎದ್ದು ನಿಂತಳು.

ಕರೆಂಟು ಬಂತು. ಎಲ್ಲರೂ ಬಗ್ಗಿದರು, ಅವಳೊಬ್ಬಳು ನಿಂತೇ ಇದ್ದಳು. ಲೈನಿನ ಮೇಸ್ತ್ರಿ ಕೊಟ್ರಬಸಪ್ಪ ದೂರದಿಂದಲೇ ಕೂಗಿದ: "ಏನವಾ, ಮಷಿನ್ ಕೆಟ್ಟೈತೇನು?"

"ಮನೆಗೆ ಹೋಗ್ಬೇಕು ಸರ್."

"ಯಾಕ? ನಿನಗೂ ಹೊಟ್ಟಿ ನೋವು ಶುರುವಾತೇನು?"

ಮತ್ತೊಂದು ಸುಳ್ಳು ಬಾಯಿಗೆ ಬಂದಿತ್ತು. ಹೌದು ಎಂದರೆ ಮುಗಿಯುತ್ತಿತ್ತು. ಓಡಿಹೋಗಿ ವಾಣಿಶ್ರೀಯನ್ನು ದವಾಖಾನೆಗೆ ಸೇರಿಸಿ, ಯಾರಿಗೂ ತಿಳಿಯದಂತೆ ನಾಳೆ ಮತ್ತೆ ಸಾಲಿನಲ್ಲಿ ನಿಲ್ಲಬಹುದಿತ್ತು. ಆದರೆ ಕಳೆದ ನಾಲ್ಕು ದಿನ ವಾಣಿಶ್ರೀ ಇವರೆಲ್ಲರ ನಡುವೆಯೇ ಕೂತಿದ್ದಳು, ಅವಳು ಮುಟ್ಟಿದ ಜೇಬುಗಳನ್ನು ನಾಗಕ್ಕ ಮಡಿಲಲ್ಲಿಟ್ಟುಕೊಂಡು ದಾರ ಕತ್ತರಿಸಿದ್ದಳು.

"ವಾಣಿಶ್ರೀಗೆ ಜ್ವರ ಸರ್. ನಾಲ್ಕು ದಿನದಿಂದ."

ತೀರ ಮೆಲ್ಲಗೆ ಹೇಳಿದ್ದಳು. ಆದರೂ ಅಕ್ಕಪಕ್ಕದ ಮಷಿನ್ನುಗಳು ನಿಂತವು, ಆಮೇಲೆ ಅವುಗಳಾಚೆಯವು. ಕೊಟ್ರಬಸಪ್ಪ ಎರಡು ಹೆಜ್ಜೆ ಹಿಂದೆ ಸರಿದು ಮೂಗಿನ ಕೆಳಗಿಳಿದಿದ್ದ ಮಾಸ್ಕನ್ನು ಮೇಲೆಳೆದುಕೊಂಡ. "ಮತ್ತ ನೀ ಯಾಕ ಒಳಗ ಬಂದಿ? ತಲಿ ಐತೋ ಇಲ್ಲೋ ನಿನಗ?" ಸಿಟ್ಟಿಗಿಂತ ಹೆದರಿಕೆಯಿತ್ತು ದನಿಯಲ್ಲಿ. ಆಮೇಲೆ ಎಲ್ಲರ ಕಡೆ ತಿರುಗಿ, "ದುರುಗಕ್ಕನ ವಠಾರದವ್ರು ಯಾರ್ಯಾರು ಅದೀರಿ, ಏಳ್ರಿ. ಏನೂ ಮುಟ್ಟಬ್ಯಾಡ್ರಿ, ಹಂಗೇ ಏಳ್ರಿ" ಎಂದ. ಅಲ್ಲೊಬ್ಬಳು ಇಲ್ಲೊಬ್ಬಳು ಎದ್ದರು. ಪಕ್ಕದವರು ಅವರ ದಾರಿಯಿಂದ ಕುರ್ಚಿಗಳನ್ನು ಎಳೆದುಕೊಂಡರು. ಹಿಂದಿನ ಕೋಣೆಯವಳು, ಮೊದಲ ದಿನ ಮುಖ ಅರಳಿಸಿಕೊಂಡು ಹೋದವಳು, ಪವಿತ್ರಳ ಮುಂದೆ ಬಂದಾಗ ನಿಂತು, "ಹೊಟ್ಟಿ ತಣ್ಣಗಾತೇನು ಈಗ?" ಎಂದಳು. ನಾಗಕ್ಕ ಮಡಿಲಿನ ಪ್ಯಾಂಟನ್ನು ನೆಲದ ಮೇಲಿಟ್ಟು, ಎರಡೂ ಕೈಗಳನ್ನು ದೂರ ಹಿಡಿದು, ತೊಳೆಯಲು ಎಲ್ಲಿಗೆ ಹೋಗಬೇಕೆಂದು ಸುತ್ತ ನೋಡುತ್ತಿದ್ದಳು. ಅವರನ್ನು ಮುಂದಿನ ಗೇಟಿನಿಂದ ಬಿಡಲಿಲ್ಲ. ತುಂಡು ಬಟ್ಟೆಯ ಗುಡ್ಡೆಗಳಿರುವ ಹಿಂದಿನ ಸಂದಿಯಿಂದ ಕಳಿಸಿದರು.

ಬಿಸಿಲಲ್ಲಿ ಅವಳು ಓಡಿದಳು. ಹಿಂದೆ ಬರುತ್ತಿದ್ದ ಹುಡುಗಿಯರಿಂದ ದೂರ ಓಡುತ್ತಿದ್ದಾಳೋ ವಾಣಿಶ್ರೀಯ ಕಡೆಗೆ ಓಡುತ್ತಿದ್ದಾಳೋ ತನಗೇ ತಿಳಿಯದಂತೆ. ವಠಾರದ ಬಾಗಿಲಲ್ಲಿ ದುರುಗಕ್ಕ ಸೆರಗನ್ನು ಮೂಗಿಗೆ ಹಿಡಿದು ನಿಂತಿದ್ದಳು. "ಎರಡು ಸಲ ಬಾಗಿಲು ಬಡದೆ, ಹೂಂ ಅನ್ನಲಿಲ್ಲ. ನಾ ಒಳಗ ಹೋಗಿಲ್ಲವ್ವ, ಮನ್ಯಾಗ ಮೊಮ್ಮಕ್ಕಳದಾವ. ಆಟೋದವನಿಗೆ ಹೇಳೀನಿ, ಬರ್ತಾನ." ಒಳಗೆ ವಾಣಿಶ್ರೀ ಗೋಡೆಗೊರಗಿ ಕೂತಿದ್ದಳು. ಕೆಲಸದ ಚೂಡಿದಾರ ಹಾಕಿಕೊಂಡಿದ್ದಳು. ತಲೆ ಅರ್ಧ ಬಾಚಿ ಬಾಚಣಿಗೆ ಕೂದಲಲ್ಲೇ ಸಿಕ್ಕಿಕೊಂಡಿತ್ತು. ಕಣ್ಣು ತೆರೆದು, ಇವಳನ್ನು ದಾಟಿ ಎಲ್ಲೋ ನೋಡುತ್ತ, "ಊಟದ ಗಂಟಿ ಆತೇನು? ಅರ್ಧ ದಿನದ ಪಗಾರಾದ್ರೂ ಹಿಡಕೊಳ್ಳಾನು" ಎಂದಳು. ಪವಿತ್ರ ಮಂಡಿಯೂರಿ, ಮಾಸ್ಕನ್ನು ಕಿವಿಯಿಂದ ಬಿಡಿಸಿ, ಅವಳ ಹಣೆಯ ಮೇಲೆ ಕೆನ್ನೆಯಿಟ್ಟಳು.

ಸುಟ್ಟಿತು. ದೊಡ್ಡಿಯಿರಲಿಲ್ಲ, ಉಣ್ಣೆಯ ವಾಸನೆಯಿರಲಿಲ್ಲ; ಒಬ್ಬಳು ಹುಡುಗಿ ಉರಿಯುತ್ತಿದ್ದಳು.

"ಮಾಸ್ಕ್ ಹಾಕ್ಕೊ" ಎಂದಳು ವಾಣಿಶ್ರೀ. "ಏನು ಹುಚ್ಚಿ ಇದ್ದೀಯೇ."

ದವಾಖಾನೆಯಲ್ಲಿ ಜ್ವರದವರನ್ನು ಬೇರೆಯೇ ಉದ್ದನೆಯ ಕೋಣೆಯಲ್ಲಿ ಕೂರಿಸಿದ್ದರು. ನರ್ಸಮ್ಮ ವಾಣಿಶ್ರೀಯ ಬಗಲಲ್ಲಿ ಗಾಜಿನ ಕಡ್ಡಿಯಿಟ್ಟು ನೋಡಿ, ಅಂಕಿ ಹೇಳದೆ, ತೆಲುಗಿನಲ್ಲಿ, "ಎಪ್ಪಟಿನುಂಚಮ್ಮಾ?" ಎಂದಳು. ಇಬ್ಬರ ಮುಖ ನೋಡಿ ಕನ್ನಡಕ್ಕಿಳಿದಳು: "ಯಾವಾಗಿಂದ ಜ್ವರ?"

"ನಿನ್ನೆ ಸಂಜಿಯಿಂದ ರೀ" ಎಂದಳು ವಾಣಿಶ್ರೀ.

"ನಾಲ್ಕು ದಿನ ಆಯ್ತು ಮೇಡಂ" ಎಂದಳು ಪವಿತ್ರ.

ನರ್ಸಮ್ಮ ಇಬ್ಬರನ್ನೂ ನೋಡಿದಳು. "ಸರಿಯಾಗಿ ಹೇಳ್ರಿ. ಎಷ್ಟು ದಿನದ್ದು ಅಂತ ನೋಡಿ ಡಾಕ್ಟ್ರು ಔಷಧಿ ಕೊಡೋದು. ನಾಲ್ಕು ದಿನ ಆಗಿದ್ರ ಮನ್ಯಾಗ ಕುಂತು ಏನ್ಮಾಡ್ತಿದ್ರಿ?"

ವಾಣಿಶ್ರೀ ಬೆರಳೆತ್ತಿ ಪವಿತ್ರಳನ್ನು ತೋರಿಸಿದಳು. "ಜ್ವರ ಇಲ್ಲ ಅಂದ್ಲು ರೀ ಇಕಿ. ದಿನಾ ಮುಟ್ಟಿ ನೋಡಿ ಇಲ್ಲ ಅಂದ್ಲು." ಆ ಬೆರಳು ಗಾಳಿಯಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತು, ತಾನಾಗಿ ಬಿತ್ತು. ಪಕ್ಕದ ಮಂಚದ ಮುದುಕನೊಬ್ಬ ತಲೆಯೆತ್ತಿ ನೋಡಿದ. ಪವಿತ್ರ ಬಾಗಿದ ತಲೆ ಎತ್ತಲಿಲ್ಲ. ನರ್ಸಮ್ಮ ಹಲ್ಲಿನ ಸಂದಿಯಿಂದ ಒಂದು ಸದ್ದು ಮಾಡಿ, ಗುಳಿಗೆ ನುಂಗಿಸಿ, ಸಲೈನಿನ ಬಾಟಲಿ ತೂಗುಹಾಕಿ ಸೂಜಿ ಚುಚ್ಚಿದಳು. ಬಕೆಟ್ಟಿನಲ್ಲಿ ನೀರು, ಒಂದು ತುಂಡು ಬಟ್ಟೆ, ಆ ಗಾಜಿನ ಕಡ್ಡಿ ಕೊಟ್ಟಳು. "ಮೈಯೆಲ್ಲ ಒರೆಸು. ಆಮ್ಯಾಲೆ ಬಗಲಾಗ ಇಟ್ಟು ನೋಡಿ ನನಗ ಹೇಳು. ಡಾಕ್ಟ್ರು ಆ ಕಡೆ ಅದಾರ, ಬರ್ತಾರ."

ವಾಣಿಶ್ರೀ ಮಲಗಲು ಒಪ್ಪಲಿಲ್ಲ. ಮಲಗಿದರೆ ಜ್ವರ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆಂದು, ಕೂತರೆ ಇಳಿಯುತ್ತದೆಂದು ಮಂಚದ ಅಂಚಿನಲ್ಲಿ ನೆಟ್ಟಗೆ, ಮಷಿನ್ನಿನ ಮುಂದೆ ಕೂರುವ ಹಾಗೆ ಕೂತಳು. ಪವಿತ್ರ ಅವಳ ಕುತ್ತಿಗೆ ಒರೆಸಿದಳು, ತೋಳು ಒರೆಸಿದಳು, ಪಾದ ಒರೆಸಿದಳು. ಬಟ್ಟೆ ಅದ್ದಿ ಹಿಂಡಿದಂತೆಲ್ಲ ಬಕೆಟ್ಟಿನ ನೀರು ಉಗುರು ಬೆಚ್ಚಗಾಯಿತು. ಹೊರಗೆ ಚೆಲ್ಲಿ ಬೇರೆ ನೀರು ತಂದಳು. ತಾನು ಚೆಲ್ಲಿ ಬಂದದ್ದು ಆ ನಾಲ್ಕು ರಾತ್ರಿಯ ಬೆಚ್ಚಗಿನ ನಿದ್ದೆಯನ್ನೇ ಎನಿಸಿತು. ಮೊಣಕೈಯ ಹತ್ತಿರ ಒರೆಸುತ್ತಿರುವಾಗ ವಾಣಿಶ್ರೀ ಬೇರೆ ಕಡೆ ನೋಡುತ್ತ ಹೇಳಿದಳು:

"ಸಿಟ್ಟು ಮಾಡ್ಕೋಬ್ಯಾಡ. ನರ್ಸಮ್ಮ ಕೇಳಿದ್ಲಲ್ಲ, ಅಂದುಬಿಟ್ಟೆ."

"ಇದ್ದದ್ದೇ ಅಂದೆ ಬಿಡು."

"ಇಲ್ಲ. ದುರುಗಕ್ಕನ ಕೇಳಬಹುದಿತ್ತು ನಾನು. ಅಕಿ ಐತಿ ಅಂತಿದ್ಲು. ಅದಕ್ಕೇ ನಿನ್ನ ಕೇಳ್ತಿದ್ದೆ."

ಕೈಯಲ್ಲಿನ ಬಟ್ಟೆಯಿಂದ ನೀರು ತೊಟ್ಟಿಕ್ಕಿ ನೆಲ ಒದ್ದೆಯಾಗುತ್ತಿತ್ತು. ಇದನ್ನು ಕೇಳಿ ಎದೆಯ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. ಇಷ್ಟು ಹೊತ್ತು ತಪ್ಪಾದರೂ ತನ್ನದೊಂದೇ ಆಗಿತ್ತು. ಈಗ ಅದು ಇಬ್ಬರ ನಡುವೆ, ಆ ಚಾಪೆಯ ಹಾಗೆ, ಯಾರದೂ ಅಲ್ಲದೆ ಹಾಸಿಕೊಂಡಿತ್ತು. ಒಬ್ಬಳು ಇಲ್ಲವೆನಿಸಿಕೊಳ್ಳಲು ಕಿವಿಯೊಡ್ಡಿದ್ದಳು, ಇನ್ನೊಬ್ಬಳು ಇಲ್ಲವೆನ್ನಲು ಬೆರಳು ಚಾಚಿದ್ದಳು. ವಠಾರದ ನಲ್ಲಿಯ ಮುಂದೆ ನಡೆದದ್ದೆಲ್ಲ ಅಷ್ಟೇ.

"ನಂಗೂ ಗೊತ್ತಿತ್ತು ಅನ್ಸುತ್ತೆ ಕಣೆ" ಎಂದಳು ಪವಿತ್ರ.

ವಾಣಿಶ್ರೀ ಕಡ್ಡಿಯನ್ನು ಬಗಲಲ್ಲಿಟ್ಟುಕೊಂಡು ತೋಳು ಬಿಗಿದು ಕೂತಳು. ತೆಗೆದ ಮೇಲೆ ಪವಿತ್ರ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೊದಲು ಏನೂ ಕಾಣಲಿಲ್ಲ. ಓರೆ ಮಾಡಿದಳು, ಇನ್ನೊಂದಿಷ್ಟು ಓರೆ ಮಾಡಿದಳು. ಗಾಜಿನೊಳಗೆ ಬೆಳ್ಳಿಯ ಗೆರೆಯೊಂದು ಥಟ್ಟನೆ ತೋರಿ ನಿಂತಿತು.

"ಎಷ್ಟೈತಿ?" ವಾಣಿಶ್ರೀ ಕೇಳಿದಳು. ಪ್ರತಿ ಬೆಳಿಗ್ಗೆ ಕೇಳುತ್ತಿದ್ದ ದನಿಯೇ ಅದು. ಉತ್ತರವನ್ನೂ ತಾನೇ ಹೇಳಿಕೊಡುವಂಥ ದನಿ. "ಇಳಿದೈತಲ್ಲ?"

"ನೂರಾ ನಾಲ್ಕು."

"ಸರಿಯಾಗಿ ನೋಡು. ಈಗ ಒರೆಸೀಯಲ್ಲ."

ಪವಿತ್ರ ಮತ್ತೆ ಬೆಳಕಿಗೆ ಹಿಡಿದು ಸರಿಯಾಗಿ ನೋಡಿದಳು. ಗೆರೆ ಅಲ್ಲೇ ಇತ್ತು.

"ಇಳಿದಿಲ್ಲ ವಾಣಿ. ಜ್ವರ ಐತೆ. ಬಹಳ ಐತೆ."

ವಾಣಿಶ್ರೀ ಅವಳ ಮುಖವನ್ನೇ ನೋಡಿದಳು. ನೆಟ್ಟಗಿದ್ದ ಬೆನ್ನು ಸ್ವಲ್ಪ ಸ್ವಲ್ಪವಾಗಿ ಬಾಗಿತು.

"ಹಂಗಾದ್ರ ಸ್ವಲ್ಪ ಮಲಕ್ಕೊಳ್ಳಲೇನು?"

"ಮಲಕ್ಕೊ."

ಅವಳು ಕಾಲು ಮೇಲೆಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಅಷ್ಟು ದಿನ ಹಲ್ಲು ಕಚ್ಚಿ ತಡೆದಿಟ್ಟುಕೊಂಡಿದ್ದ ನಡುಕವೆಲ್ಲ ಒಟ್ಟಿಗೇ ಬಂದು, ಭುಜ, ಬೆನ್ನು, ಮೊಣಕಾಲು ಅದುರತೊಡಗಿದವು. ಕಬ್ಬಿಣದ ಮಂಚ ಗೋಡೆಗೆ ತಾಕಿ ಟಕಟಕ ಎನ್ನತೊಡಗಿತು. ಪವಿತ್ರ ನರ್ಸಮ್ಮನನ್ನು ಕೂಗಿದಳು. ಮಂಚದ ಸರಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು; ಸದ್ದು ನಿಲ್ಲಲಿಲ್ಲ.